ಗೋಲ್ಡನ್ ಮಿಲ್ಲರ್, ಫಾಯ್ನವಾನ್ ಮತ್ತು ಒಂದು ದಪ್ಪ ತೆಂಗಿನಕಾಯಿ

ನಮ್ಮದು ನಾಲ್ಕು ತಲೆಮಾರಿನಿಂದ ಹೆಸರು ಉಳಿಸಿಕೊಂಡು ಬಂದ ಮನೆತನ. ನನ್ನ ಮುತ್ತಜ್ಜ ನಗರ ಸೀಮೆಯಲ್ಲಿ ಅಮಲ್ದಾರರಾಗಿದ್ದರು. ಹುಲಿಕಲ್ ಘಾಟಿಯ ಕಾಡುದಾರಿಯಲ್ಲಿ ಕುದುರೆಯ ಮೇಲೆ ಸರ್ಕೀಟು ಹೋಗುತ್ತಿದ್ದ ಅವರು ಹಳ್ಳಿಯವರು ಪ್ರೀತಿಯಿಂದ ತಂದುಕೊಟ್ಟ ಹಾಲನ್ನೂ ಬೆಲೆ ಕೊಡದೆ ಕುಡಿದವರಲ್ಲ. ಅಜ್ಜ ಶಾಲಾ ಇನ್ಸ್‌ಪೆಕ್ಟರು. ತಂದೆ ಹೈಸ್ಕೂಲಿನ ಹೆಡ್‌ಮಾಸ್ಟರು. ಅವರೆದುರು ಕೂತು ಕಾಲು ಅಲ್ಲಾಡಿಸಿದವರು ಆ ಊರಿನಲ್ಲಿ ಯಾರೂ ಇರಲಿಲ್ಲ. ನನ್ನನ್ನು ಕೊಟ್ಟ ಮನೆ ಆನಂದಪುರದ ಕಡೆಯದು. ಅಲ್ಲಿಯೂ ಪಂಚಾಯಿತಿಗೆ ಕರೆಯುವಾಗ ಮೊದಲು ಬರುತ್ತಿದ್ದುದು ನಮ್ಮ ಮಾವನವರ ಬಾಗಿಲಿಗೆ. ಈ ಎರಡು ಮನೆಗಳಲ್ಲಿ ಇಸ್ಪೀಟು ಎಲೆ ಹೊಸಿಲು ದಾಟಿ ಒಳಗೆ ಬಂದದ್ದಿಲ್ಲ. ದೀಪಾವಳಿಯಲ್ಲಿ ಊರಿಗೆ ಊರೇ ಆಡುವಾಗಲೂ ನಮ್ಮ ಜಗಲಿಯಲ್ಲಿ ಕವಡೆಯ ಸದ್ದು ಕೇಳಿದವರಿಲ್ಲ.

ಇಷ್ಟನ್ನು ಹೇಳಬೇಕಾಗಿ ಬಂದದ್ದಕ್ಕೆ ಕಾರಣವಿದೆ. ನಮ್ಮ ತೀರ್ಥಹಳ್ಳಿಯ ಮಹಿಳಾ ಸಮಾಜದ ಕಾರ್ಯದರ್ಶಿಯವರು, ವಕೀಲರ ಪತ್ನಿ, ಈ ವರ್ಷದ ಅಧ್ಯಕ್ಷರನ್ನು ಆರಿಸುವ ಸಭೆಯಲ್ಲಿ ನನ್ನ ಹೆಸರು ಬಂದ ಕೂಡಲೇ ಎದ್ದು ನಿಂತು, ದನದ ಡಾಕ್ಟರ ಮನೆಯಲ್ಲಿ, ಅಂದರೆ ನಮ್ಮ ಮನೆಯಲ್ಲಿ, ಕುದುರೆ ಜೂಜು ನಡೆಯುತ್ತದೆ, ಅಂಥ ಮನೆಯವರು ಸಮಾಜದ ಅಧ್ಯಕ್ಷರಾಗುವುದು ಬೇಡ ಎಂದರು. ಆಯ್ಕೆ ಮುಂದಕ್ಕೆ ಹೋಯಿತು. ಅಧ್ಯಕ್ಷತೆ ನನಗೆ ದೊಡ್ಡದಲ್ಲ. ಮಾತು ದೊಡ್ಡದು.

ನನ್ನ ಬದುಕಿನಲ್ಲಿ ಒಂದು ವಿಚಿತ್ರವಿದೆ. ನಾನು ಕುದುರೆಯ ಹೆಸರೆತ್ತಿದ ಊರಲ್ಲೆಲ್ಲ ಏನಾದರೊಂದು ನಡೆದೇ ನಡೆಯುತ್ತದೆ. ಸಾಗರದಲ್ಲಿ ನಡೆಯಿತು, ಹೊಸನಗರದಲ್ಲಿ ನಡೆಯಿತು, ಈಗ ಇಲ್ಲಿ ನಡೆದಿದೆ. ನಡೆದದ್ದು ನಡೆದಂತೆಯೇ ಬರೆಯುತ್ತೇನೆ. ಜೂಜು ಎಲ್ಲಿದೆ ಎಂದು ಓದುವವರು ಹುಡುಕಿ ಹೇಳಲಿ.

ಭೂಗೋಳದ ಪಾಠ

ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ನಮಗೆ ಭೂಗೋಳ ಕಲಿಸುತ್ತಿದ್ದವರು ಐರ್ಲೆಂಡಿನ ರೈತರ ಮನೆಯಲ್ಲಿ ಹುಟ್ಟಿದ ಒಬ್ಬ ಸಿಸ್ಟರ್. ಬೆನ್ನು ನೆಟ್ಟಗಿಲ್ಲದ ಹುಡುಗಿಯನ್ನು ಅವರು ಕ್ಲಾಸಿನಲ್ಲಿ ಕೂರಗೊಡುತ್ತಿರಲಿಲ್ಲ. ಉಗುರು, ರಿಬ್ಬನ್, ಕರ್ಚೀಫು ಮೂರನ್ನೂ ನೋಡಿದ ಮೇಲೆಯೇ ಪ್ರಾರ್ಥನೆ. ಇಂಥ ಸಿಸ್ಟರ್‌ಗೆ ಪ್ರಪಂಚದಲ್ಲಿ ದೇವರನ್ನು ಬಿಟ್ಟರೆ ಕುದುರೆ. ಅದರಲ್ಲೂ ಇಂಗ್ಲೆಂಡಿನ ಲಿವರ್‌ಪೂಲ್ ಹತ್ತಿರ ವರ್ಷಕ್ಕೊಮ್ಮೆ ನಡೆಯುವ ಗ್ರ್ಯಾಂಡ್ ನ್ಯಾಷನಲ್ ಓಟದ ಕುದುರೆ. ಅದು ಬರೀ ಓಡುವ ರೇಸಲ್ಲ. ನಾಲ್ಕು ಮೈಲಿಗೂ ಹೆಚ್ಚು ದೂರ, ಆಳೆತ್ತರದ ಬೇಲಿಗಳು, ಕಂದಕಗಳು. ಎಲ್ಲವನ್ನೂ ಹಾರಿಕೊಂಡು ಹೋಗಬೇಕು. ಹೊರಟವುಗಳಲ್ಲಿ ಅರ್ಧ ವಾಪಸು ಬಂದರೆ ಹೆಚ್ಚು.

ನಮಗೆ ಗಂಗೆ ಎಲ್ಲಿ ಹುಟ್ಟುತ್ತದೆಂದು ಗೊತ್ತಾಗುವ ಮೊದಲೇ ಮ್ಯಾನಿಫೆಸ್ಟೊ ಎಂಬ ಕುದುರೆ ಎಂಟು ಸಲ ಆ ರೇಸಿನಲ್ಲಿ ಓಡಿ ಎರಡು ಸಲ ಗೆದ್ದದ್ದು ಗೊತ್ತಿತ್ತು. ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ಗೋಲ್ಡನ್ ಮಿಲ್ಲರ್ ಗೆದ್ದ ಸುದ್ದಿ ಸಿಸ್ಟರ್‌ಗೆ ಊರಿನಿಂದ ಬಂದ ದಿನ ಅವರು ಚಾಕ್‌ಪೀಸಿನಿಂದ ಕಪ್ಪುಹಲಗೆಯ ತುಂಬ ಬೇಲಿಗಳನ್ನು ಬರೆದು, ಬೆರಳಲ್ಲೇ ಆ ಕುದುರೆಯನ್ನು ಹಾರಿಸಿ ತೋರಿಸಿದರು. ಒಂಬತ್ತು ನಿಮಿಷ ಇಪ್ಪತ್ತು ಸೆಕೆಂಡು ಚಿಲ್ಲರೆ. ಆ ದಾಖಲೆಯನ್ನು ನಾನು ಇದನ್ನು ಬರೆಯುತ್ತಿರುವ ಅರವತ್ತೇಳನೆಯ ಇಸವಿಯವರೆಗೂ ಯಾವ ಕುದುರೆಯೂ ಮುರಿದಿಲ್ಲ. ಅದೇ ವರ್ಷ ಇನ್ನೊಂದು ದೊಡ್ಡ ರೇಸಾದ ಗೋಲ್ಡ್ ಕಪ್ಪನ್ನೂ ಅದು ಗೆದ್ದಿತು. ಒಂದೇ ವರ್ಷದಲ್ಲಿ ಎರಡನ್ನೂ ಗೆದ್ದ ಕುದುರೆ ಬೇರೆ ಇಲ್ಲ.

ಪಾಠ ಮುಗಿದ ಮೇಲೆ ಸಿಸ್ಟರ್ ಒಂದು ಮಾತು ತಪ್ಪದೆ ಹೇಳುತ್ತಿದ್ದರು. ಕುದುರೆಯನ್ನು ದೇವರು ಮಾಡಿದ, ಪಣವನ್ನು ಮನುಷ್ಯ ಮಾಡಿದ. ಮೊದಲನೆಯದನ್ನು ಮೆಚ್ಚಿ, ಎರಡನೆಯದನ್ನು ಮುಟ್ಟಬೇಡಿ. ನಾನು ಮುಟ್ಟಿಲ್ಲ.

ಆ ವರ್ಷ ಶಾಲೆಯ ತನಿಖೆಗೆ ಬಂದ ಇನ್ಸ್‌ಪೆಕ್ಟ್ರೆಸ್ ನಮ್ಮ ಕ್ಲಾಸಿಗೆ ಬಂದು ಲಿವರ್‌ಪೂಲ್ ಯಾವುದಕ್ಕೆ ಪ್ರಸಿದ್ಧ ಎಂದು ಕೇಳಿದರು. ಬಂದರು, ಹತ್ತಿ, ಹಡಗು, ಯಾವುದನ್ನಾದರೂ ಹೇಳಬಹುದಿತ್ತು. ಇಡೀ ಕ್ಲಾಸು ಒಂದೇ ದನಿಯಲ್ಲಿ, ಮೂವತ್ತು ಬೇಲಿಗಳಿಗೆ ಎಂದಿತು. ಇನ್ಸ್‌ಪೆಕ್ಟ್ರೆಸ್ ಸಿಸ್ಟರ್ ಕಡೆ ತಿರುಗಿದರು. ಸಿಸ್ಟರ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಹತ್ತಿಯನ್ನು ಮುಂದಿನ ವಾರ ಮಾಡುತ್ತೇವೆ," ಎಂದರು.

ಆದರ್ಶ ಜೀವನ

ನನ್ನ ಯಜಮಾನರು ಸರ್ಕಾರಿ ಪಶುವೈದ್ಯರು. ಈ ದಶಕದ ಮೊದಲಲ್ಲಿ ಅವರಿಗೆ ಸಾಗರಕ್ಕೆ ವರ್ಗವಾಯಿತು. ದನ, ಎಮ್ಮೆ, ಆಗೊಮ್ಮೆ ಈಗೊಮ್ಮೆ ದೇವಸ್ಥಾನದ ಆನೆ, ಇವುಗಳ ನಡುವೆ ಕುದುರೆಯ ವಿಷಯ ಮಾತಾಡಲು ನನಗೆ ಒಬ್ಬರೂ ಇರಲಿಲ್ಲ. ಅಲ್ಲಿಯ ಮಹಿಳಾ ಸಮಾಜದವರು ವಾರ್ಷಿಕೋತ್ಸವಕ್ಕೆ ಭಾಷಣ ಮಾಡಿ ಎಂದು ಕೇಳಿದರು. ವಿಷಯ, ನಾವು ಕಲಿಯಬಹುದಾದ ಒಂದು ಆದರ್ಶ ಜೀವನ. ಹಿಂದಿನ ವರ್ಷ ಮಾತಾಡಿದವರು ಒಬ್ಬ ಸಾಧ್ವಿಯ ಬಗ್ಗೆ ಮಾತಾಡಿದ್ದರಂತೆ, ಅದಕ್ಕೂ ಹಿಂದೆ ಅದೇ ಸಾಧ್ವಿ. ನಾನು ಗೋಲ್ಡನ್ ಮಿಲ್ಲರನ್ನು ಆರಿಸಿಕೊಂಡೆ.

ಭಾಷಣದ ಮೊದಲನೆಯ ವಾಕ್ಯದಲ್ಲೇ ಇದು ಕುದುರೆ ಎಂದು ಸ್ಪಷ್ಟವಾಗಿ ಹೇಳಿದ್ದೆ. ಆ ಹೊತ್ತಿಗೆ ಮೈಕು ಇನ್ನೂ ಶುರುವಾಗಿರಲಿಲ್ಲ ಎಂದು ನನಗೆ ತಿಳಿದದ್ದು ಆಮೇಲೆ. ಮೈಕು ಶುರುವಾಗುವ ಹೊತ್ತಿಗೆ ನಾನು ಅದರ ಗುಣಕ್ಕೆ ಬಂದಿದ್ದೆ. ಬೆನ್ನ ಮೇಲೆ ಅಷ್ಟು ಭಾರ ಹೊತ್ತು, ಒಂದು ದಿನ ಬೇಸರಿಸದೆ, ಎದುರು ಬಂದ ತಡೆಯನ್ನೆಲ್ಲ ದಾಟಿ, ಗೆದ್ದ ಮೇಲೂ ತಲೆ ತಗ್ಗಿಸಿ ನಿಂತದ್ದನ್ನು ವರ್ಣಿಸಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ, ಪಕ್ಕದ ಹಳ್ಳಿಯ ತೋಟದ ಮನೆಯ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಮಾತು ಹೀಗೆ ನಾಟಿದ್ದು ಅದೇ ಮೊದಲು.

ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ ಆ ಅಜ್ಜಿಯೇ ಎದ್ದರು. ಅವರ ಮನೆಮಾತಿನಲ್ಲಿ ಕೇಳಿದರು.

"ಅವಂಗೆ ಮದ್ವೆ ಆಗಿತ್ತಾ?"

ಸತ್ಯವನ್ನೇ ಹೇಳಿದೆ. ಇಲ್ಲ, ಆಗುವ ಹಾಗೂ ಇರಲಿಲ್ಲ, ಏಕೆಂದರೆ ಅದು ಕುದುರೆ, ಅದರಲ್ಲೂ ಚಿಕ್ಕಂದಿನಲ್ಲೇ ಬೀಜ ಒಡೆಸಿದ ಕುದುರೆ ಎಂದೆ. ಡಾಕ್ಟರ ಹೆಂಡತಿಯಾಗಿ ಅದನ್ನು ಹೇಳಲು ನನಗೆ ಸಂಕೋಚವಿಲ್ಲ. ಸಭೆಯಲ್ಲಿ ಗುಸುಗುಸು ಎದ್ದಿತು. ಅಜ್ಜಿ ಮಾತ್ರ ಅಲ್ಲಾಡಲಿಲ್ಲ.

"ಕುದ್ರೆ ಆದ್ರೂ ಅಷ್ಟೇಯ," ಎಂದು ಕೂತುಕೊಂಡರು. "ಸಂಸಾರ ಇಲ್ದೇ ಇದ್ರೆ ಓಡಲೆ ಎಂತ ಕಷ್ಟ ಇದ್ದು?"

ಮುಂದಿನ ವರ್ಷದಿಂದ ಮತ್ತೆ ಸಾಧ್ವಿಯೇ ಬಂದಳು.

ಸ್ಟೇಷನ್ ದಾರಿ

ಸಾಗರದಲ್ಲಿ ನಮಗೆ ರೈಲ್ವೆ ಸ್ಟೇಷನ್ನಿಗೆ ಹೋಗಲು ಒಬ್ಬ ಜಟಕಾದವನು ಗೊತ್ತಿದ್ದ. ಅವನ ಕುದುರೆಗೆ ಒಂದು ಅಭ್ಯಾಸ. ಪೇಟೆಯ ಕಾಫಿ ಹೋಟೆಲಿನ ಮುಂದೆ ಬಂದ ಕೂಡಲೇ ನಿಲ್ಲುತ್ತಿತ್ತು. ಜಟಕಾದವನು ದಿನಾ ಅಲ್ಲಿ ಚಹಾ ಕುಡಿಯುವವನು; ಕುದುರೆಗೂ ಅವನು ಒಂದು ಬನ್ನು ಕೊಡಿಸುತ್ತಿದ್ದ. ಬನ್ನು ಬಾರದೆ ಅದು ಹೆಜ್ಜೆ ಎತ್ತುತ್ತಿರಲಿಲ್ಲ. ಹೊತ್ತಾಯಿತೆಂದು ಹಿಂದೆ ಕೂತವರು ಬೈದರೂ ಅಷ್ಟೇ, ಅವನು ಬೈದರೂ ಅಷ್ಟೇ.

ಒಮ್ಮೆ ಹೀಗೆ ನಿಂತಾಗ ಅವನು ಚಾಟಿಗೆ ಕೈ ಹಾಕಿದ. ನಾನು ತಡೆದೆ. ಕುದುರೆಯನ್ನು ಹೊಡೆಯುವವರ ಗಾಡಿಯಲ್ಲಿ ನಾನು ಕೂರುವುದಿಲ್ಲ. ಹೊಡೆಯಬೇಡ, ದೊಡ್ಡ ದೊಡ್ಡ ಕುದುರೆಗಳಿಗೂ ಈ ಗುಣ ಉಂಟು ಎಂದು ಹೇಳಿ, ಗೋಲ್ಡನ್ ಮಿಲ್ಲರ್ ಆ ರೇಸು ಗೆದ್ದ ಮೇಲಿನ ವರ್ಷಗಳ ಕಥೆ ಹೇಳಿದೆ. ದಾಖಲೆ ಮಾಡಿದ ಅದೇ ಕುದುರೆ ಮುಂದೆ ಒಂದು ಕಂದಕದ ಹತ್ತಿರ ಬಂದಾಗ ಮುಂದೆ ಹೋಗುವುದಿಲ್ಲ ಎಂದು ಹಟ ಹಿಡಿಯಿತು. ಒಂದು ವರ್ಷ ಸವಾರನನ್ನು ಕೆಡವಿತು. ಮತ್ತಿನ ವರ್ಷ ಅದೇ ಜಾಗದಲ್ಲಿ ನಿಂತಿತು. ಅದರ ಮಾರನೆ ವರ್ಷವೂ ಅಲ್ಲೇ. ಲಕ್ಷಾಂತರ ಜನ ನೋಡುತ್ತಿದ್ದರೂ ಅದು ಲಕ್ಷ್ಯ ಮಾಡಲಿಲ್ಲ. ಅಷ್ಟು ದೊಡ್ಡ ಜೀವ ಬೇಡ ಎಂದರೆ ಬೇಡ. ನನಗೆ ಅದರಲ್ಲಿ ಒಂದು ಘನತೆ ಕಂಡಿದೆ, ಈಗಲೂ ಕಾಣುತ್ತದೆ.

ಜಟಕಾದವನು ಬಾಯಿ ತೆರೆದು ಕೇಳಿದ. ಕೆಳಗಿಳಿದು ಕುದುರೆಯ ಕುತ್ತಿಗೆ ತಟ್ಟಿದ. ಅಂದಿನಿಂದ ಅವನು ಚಾಟಿ ಮುಟ್ಟಲಿಲ್ಲ. ನಾನು ಒಂದು ಒಳ್ಳೆಯ ಕೆಲಸ ಮಾಡಿದೆನೆಂದುಕೊಂಡೆ.

ಸ್ವಲ್ಪ ದಿನ ಕಳೆದು ಯಜಮಾನರು ಶಿವಮೊಗ್ಗೆಗೆ ಹೊರಟರು. ಡೈರೆಕ್ಟರ ಭೇಟಿ. ಇಸ್ತ್ರಿ ಮಾಡಿದ ಕೋಟು ಹಾಕಿ ಬೆಳಿಗ್ಗೆಯೇ ಅದೇ ಜಟಕಾ ಹತ್ತಿದರು. ಕುದುರೆ ಹೋಟೆಲಿನ ಮುಂದೆ ನಿಂತಿತು. ಆ ದಿನ ಹೋಟೆಲಿನವರ ಮನೆಯಲ್ಲಿ ಏನೋ ಕಾರ್ಯ, ಬಾಗಿಲು ಹಾಕಿತ್ತು; ಚಹಾವೂ ಇಲ್ಲ, ಬನ್ನೂ ಇಲ್ಲ. ಕುದುರೆ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತುಬಿಟ್ಟಿತು. ದೂರದಲ್ಲಿ ರೈಲು ಕೂಗಿತು. ಯಜಮಾನರು ಹೊಡಿ ಎಂದರು. ಜಟಕಾದವನು ಹೊಡೆಯಲಿಲ್ಲ. ಯಜಮಾನರು ಕಿರುಚಿದರು. ಅವನು ಹಿಂದೆ ತಿರುಗಿ ಬಹಳ ಮರ್ಯಾದೆಯಿಂದ ಹೇಳಿದನಂತೆ:

"ಸ್ವಾಮಿ, ಇದು ಸಾಧಾರಣ ಕುದ್ರೆ ಲಕ್ಷಣ ಅಲ್ಲ. ರೈಲಿಗೆ ಹೊತ್ತಾಯ್ತು ಅಂದ್ರೆ ನಾಳೆ ಹೋಗಿ. ಬೇಕಿದ್ರೆ ನಿಮ್ಮನೆ ಅಮ್ಮಾವ್ರನ್ನೇ ಕೇಳಿ."

ಯಜಮಾನರು ಕೋಟು ಹೆಗಲ ಮೇಲೆ ಹಾಕಿಕೊಂಡು ನಡೆದೇ ಮನೆಗೆ ಬಂದರು. ನನ್ನನ್ನು ಏನೂ ಕೇಳಲಿಲ್ಲ.

ಹೊಸನಗರದ ಬೇಲಿ

ಮುಂದೆ ಹೊಸನಗರಕ್ಕೆ ವರ್ಗ. ಅಲ್ಲಿ ಜಟಕಾವೂ ಇಲ್ಲ. ಕುದುರೆಯ ಆಸೆ ಬಿಟ್ಟು ಕ್ವಾರ್ಟರ್ಸಿನ ಮುಂದೆ ಡೇಲಿಯಾ ಹಾಕಿದೆ. ಸಾಲಾಗಿ, ಹಗ್ಗ ಹಿಡಿದು ನೆಟ್ಟದ್ದು. ಸುತ್ತ ಬಿದಿರಿನ ಬೇಲಿ.

ಮಲೆನಾಡು ಗಿಡ್ಡ ಎಂಬ ದನದ ತಳಿಯನ್ನು ನೋಡಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ನೋಡದವರಿಗೆ ಹೇಳುತ್ತೇನೆ: ಮೇಜಿನಷ್ಟು ಎತ್ತರ, ಜಿಂಕೆಯಂಥ ಕಾಲು. ನಮ್ಮ ಎದುರು ಮನೆಯ ರೈತ ಹೆಂಗಸಿನ ಹತ್ತಿರ ಅಂಥದೊಂದು ಕಪ್ಪು ಹಸು ಇತ್ತು. ಒಂದು ಬೆಳಿಗ್ಗೆ ಡೇಲಿಯಾದ ಮೊದಲ ಸಾಲು ಇರಲಿಲ್ಲ. ನಾನು ಬೇಲಿಯನ್ನು ಎತ್ತರಿಸಿದೆ. ಎರಡನೆಯ ಸಾಲು ಹೋಯಿತು. ಇನ್ನೂ ಎತ್ತರಿಸಿ, ಕಳ್ಳರನ್ನು ಹಿಡಿಯಲೆಂದು ಕಿಟಕಿಯ ಹಿಂದೆ ನಿಂತೆ.

ಹಸು ಬಂದಿತು. ಬೇಲಿಯನ್ನು ಒಮ್ಮೆ ನೋಡಿತು. ಹಿಂದೆ ಸರಿಯಿತು. ಮುಂಗಾಲುಗಳನ್ನು ಎದೆಗೆ ಮಡಚಿ, ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಬಿದಿರಿನ ಒಂದು ಗಳುವೂ ಅಲುಗದಂತೆ ಆಚೆಗಿಳಿಯಿತು. ಸಿಸ್ಟರ್ ಕಪ್ಪುಹಲಗೆಯ ಮೇಲೆ ಬೆರಳಿನಲ್ಲಿ ತೋರಿಸಿದ್ದು ಇದನ್ನೇ. ನನ್ನ ಡೇಲಿಯಾ ತಿನ್ನುತ್ತಿದ್ದಾಗ ನಾನು ಕಿಟಕಿಯ ಹಿಂದೆ ನಿಂತು ನೋಡಿದೆನೇ ಹೊರತು ಓಡಿಸಲಿಲ್ಲ.

ತುಂಟ ದನವನ್ನು ಸರ್ಕಾರದ ದೊಡ್ಡಿಗೆ ಹೊಡೆದುಕೊಂಡು ಹೋಗಿ ಕೂಡಿಸುವುದು ಕ್ರಮ. ಅದರ ಬದಲು ನಾನು ಎದುರು ಮನೆಗೆ ಹೋಗಿ ನಿಮ್ಮ ಹಸುವಿನಂಥ ಹಸು ಈ ತಾಲ್ಲೂಕಿನಲ್ಲೇ ಇಲ್ಲ, ಅದರ ಹಿಂಗಾಲು ನೋಡಬೇಕು, ಅದರ ಎದೆ ನೋಡಬೇಕು ಎಂದು ಬಾಯ್ತುಂಬ ಹೊಗಳಿದೆ. ಆ ಹೆಂಗಸಿನ ಮುಖ ಕಪ್ಪಿಟ್ಟಿತು. ಯಾಕೆಂದು ನನಗೆ ಹೊಳೆಯಲಿಲ್ಲ. ಅಲ್ಲಿ ಒಬ್ಬರ ಹಸುವನ್ನು ಇನ್ನೊಬ್ಬರು ಬಾಯಿಬಿಟ್ಟು ಹೊಗಳುವುದಿಲ್ಲ. ಹೊಗಳಿದರೆ ಕಣ್ಣು ಬಿದ್ದ ಹಾಗೆ.

ಎರಡು ದಿನಕ್ಕೆ ಆಕೆ ನಮ್ಮ ಜಗಲಿಗೆ ಬಂದು ನಿಂತಳು. ಹಸು ಹಾಲು ಕಮ್ಮಿ ಮಾಡಿದೆ, ನನ್ನ ದೃಷ್ಟಿ ತಾಗಿದೆ, ತಾಗಿಸಿದವರೇ ಬಂದು ತೆಗೆಯಬೇಕು ಎಂದಳು. ಯಜಮಾನರು ಕರು ದೊಡ್ಡದಾದ ಮೇಲೆ ಹಾಲು ಇಳಿಯುವುದು ಸಹಜ ಎಂದು ವಿವರಿಸಿದರು. ಆಕೆ ತಾಳ್ಮೆಯಿಂದ ಕೇಳಿಸಿಕೊಂಡು, "ಅದು ಸರಿ ಡಾಕ್ಟ್ರೇ, ಮೆಣಸಿನಕಾಯಿ ನಾನೇ ತಂದೀನಿ," ಎಂದಳು.

ಕಾನ್ವೆಂಟಿನಲ್ಲಿ ಇದನ್ನು ಕಲಿಸಿರಲಿಲ್ಲ. ಆದರೆ ಮಾಡುವುದಾದರೆ ಸರಿಯಾಗಿ ಮಾಡಬೇಕು. ಕ್ರಮ ಕೇಳಿಕೊಂಡು, ಸ್ನಾನ ಮಾಡಿ, ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಕೊಟ್ಟಿಗೆಯಲ್ಲಿ ಹಸುವಿನ ಮುಖಕ್ಕೆ ನಿವಾಳಿಸಿ ಪಕ್ಕದ ಬಚ್ಚಲೊಲೆಗೆ ಹಾಕಿದೆ. ಒಲೆಯಲ್ಲಿ ಘಾಟು ಬಾರದಿದ್ದರೆ ದೃಷ್ಟಿ ದೊಡ್ಡದಿತ್ತು, ಈಗ ಹೋಯಿತು ಎಂದು ಲೆಕ್ಕ. ಹೊಗೆ ಎದ್ದಿತು. ಯಜಮಾನರು ಕೆಮ್ಮುತ್ತ ಅಂಗಳಕ್ಕೆ ಓಡಿದರು. ನಾನು ಕರ್ಚೀಫು ಮುಖಕ್ಕೆ ಒತ್ತಿ ಹಿಡಿದೆ. ಹಸು ಸೀನಿತು. ಆ ಹೆಂಗಸು ಮಾತ್ರ ಎರಡೂ ಕಣ್ಣಲ್ಲಿ ನೀರು ಧಾರಾಳವಾಗಿ ಸುರಿಸುತ್ತ, "ನೋಡಿ ಅಮ್ಮಾ, ಚೂರೂ ಘಾಟಿಲ್ಲ. ಎಂಥಾ ಕಣ್ಣು ನಿಮ್ದು," ಎಂದಳು.

ಮಾರನೆಯ ಬೆಳಿಗ್ಗೆ ನೋಡಿದರೆ ಡೇಲಿಯಾದ ಕೊನೆಯ ಸಾಲೂ ಇರಲಿಲ್ಲ. ದೃಷ್ಟಿ ಪೂರ್ತಿ ಇಳಿದಿತ್ತು.

ಶನಿವಾರದ ಹೊಲಿಗೆ

ಇನ್ನು ತೀರ್ಥಹಳ್ಳಿ. ಆರೋಪ ಇರುವುದು ಇಲ್ಲಿಯದರ ಬಗ್ಗೆ. ಆದ್ದರಿಂದ ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ.

ಸಮಾಜದ ಹೊಲಿಗೆ ತರಗತಿ ಶನಿವಾರ ಸಂಜೆ ನಮ್ಮ ಮನೆಯಲ್ಲಿ ನಡೆಯುತ್ತದೆ. ಈ ಏಪ್ರಿಲ್ ತಿಂಗಳ ಒಂದು ಶನಿವಾರ ಗ್ರ್ಯಾಂಡ್ ನ್ಯಾಷನಲ್ ಇತ್ತು. ಅಲ್ಲಿ ಮಧ್ಯಾಹ್ನವಾದಾಗ ಇಲ್ಲಿ ದೀಪ ಹಚ್ಚುವ ಹೊತ್ತು ಕಳೆದಿರುತ್ತದೆ. ಗಾಳಿ ಸರಿಯಿದ್ದರೆ ನಮ್ಮ ರೇಡಿಯೋದಲ್ಲಿ ಲಂಡನ್ ಸಿಗುತ್ತದೆ. ಹೊಲಿಯುತ್ತ ಕೇಳಬಹುದು, ನಾನು ಕನ್ನಡದಲ್ಲಿ ಹೇಳುತ್ತ ಹೋಗುತ್ತೇನೆ ಎಂದೆ. ಎಲ್ಲರೂ ಒಪ್ಪಿದರು. ಬರೀ ಕೇಳಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ, ತಲೆಗೊಂದು ಕುದುರೆ ಇಟ್ಟುಕೊಳ್ಳೋಣ ಎಂದು ಹೇಳಿದವರು ಯಾರು ಗೊತ್ತೆ? ಕಾರ್ಯದರ್ಶಿಯವರು. ಗೆದ್ದವರಿಗೆ ಏನು ಎಂದು ಒಬ್ಬರು ಕೇಳಿದಾಗ, ಏನೂ ಇಲ್ಲ, ಒಂದು ಅಡಿಕೆ ಹೋಳೂ ಇಲ್ಲ, ನನ್ನ ಮನೆಯಲ್ಲಿ ಪಣ ಎಂಬ ಮಾತು ಕೂಡದು ಎಂದು ಹೇಳಿದವಳು ನಾನು.

ಕಾರ್ಯದರ್ಶಿಯವರು ಎಲ್ಲಕ್ಕಿಂತ ಮೇಲು ಎಂದು ಜನ ನಂಬಿದ್ದು ಯಾವುದು ಎಂದು ಕೇಳಿ, ಹನಿ ಎಂಡ್ ಎಂಬ ಕುದುರೆಯನ್ನು ತಮ್ಮದೆಂದು ಇಟ್ಟುಕೊಂಡರು. ಉಳಿದವರೂ ಒಂದೊಂದು ಹೆಸರು ಹಿಡಿದರು. ದೇವಸ್ಥಾನದ ಭಟ್ಟರ ಪತ್ನಿ ಕಡೆಯಲ್ಲಿ ಬಂದರು. ಅವರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು, ಮಾತು ಕಡಿಮೆ. ಒಳ್ಳೆಯ ಹೆಸರುಗಳೆಲ್ಲ ಆಗಲೇ ಹೋಗಿದ್ದವು. ಫಾಯ್ನವಾನ್ ಎಂಬುದೊಂದಿದೆ, ಆದರೆ ಅದಕ್ಕೆ ಏನೂ ಆಸೆಯಿಲ್ಲ, ಅದು ಗೆಲ್ಲುತ್ತದೆಂದು ಇಂಗ್ಲೆಂಡಿನಲ್ಲೇ ಯಾರೂ ಹೇಳಿಲ್ಲ ಎಂದೆ. ಅದರ ಮಾಲೀಕರು ರೇಸು ನೋಡಲು ಕೂಡ ಹೋಗಿರಲಿಲ್ಲವೆಂದು ಆಮೇಲೆ ಪತ್ರಿಕೆಯಲ್ಲಿ ಓದಿದೆ.

"ಪಾಪ, ಅಷ್ಟು ದೂರ ಬಂದಿದೆ. ಅದಕ್ಕೂ ಒಬ್ರು ಬೇಕಲ್ಲ, ನಂಗಿರ್ಲಿ," ಎಂದು ಅವರು ಸೂಜಿಗೆ ದಾರ ಪೋಣಿಸತೊಡಗಿದರು.

ಓಟ ಶುರುವಾಯಿತು. ರೇಡಿಯೋದವನು ಎಷ್ಟು ವೇಗವಾಗಿ ಹೇಳಿದನೋ ಅಷ್ಟೇ ವೇಗವಾಗಿ ನಾನೂ ಹೇಳಿದೆ. ಕುದುರೆಗಳು ಬಿದ್ದವು, ಎದ್ದವು, ಸವಾರರು ಉರುಳಿದರು. ಹೊಲಿಗೆ ನಿಂತೇಹೋಗಿತ್ತು. ಎರಡನೆಯ ಸುತ್ತಿನಲ್ಲಿ, ದೊಡ್ಡ ಬೇಲಿ ದಾಟಿ ಒಂದು ಸಣ್ಣ ಬೇಲಿಯ ಹತ್ತಿರ ಬಂದಾಗ, ಸವಾರನನ್ನು ಕಳೆದುಕೊಂಡ ಒಂದು ಕುದುರೆ ಬೇಲಿಗೆ ಅಡ್ಡ ಓಡಿಬಿಟ್ಟಿತು. ರೇಡಿಯೋದವನ ದನಿ ಒಡೆಯಿತು. ನಾನು ಸುಮ್ಮನಾದೆ. ನಾನು ಹುಡುಗಿಯಾಗಿದ್ದಾಗಿನಿಂದ ಕೇಳಿದ ಯಾವ ಕಥೆಯಲ್ಲೂ ಇಂಥದ್ದಿರಲಿಲ್ಲ.

ಎಂತ ಆಯ್ತು, ಎಂತ ಆಯ್ತು ಎಂದು ಎಲ್ಲರೂ ನನ್ನ ತೋಳು ಅಲುಗಿಸಿದರು. ಎಲ್ಲ ನಿಂತಿವೆ ಎಂದೆ. ನಿಲ್ಲುವುದೆಂದರೇನು, ಬಸ್ಸಿನ ಹಾಗೆ ಕಾಫಿಗೆ ನಿಲ್ಲುತ್ತವೆಯೇ ಎಂದು ಒಬ್ಬರು ಕೇಳಿದರು. ಒಂದರ ಮೇಲೊಂದು ನುಗ್ಗಿ, ತಿರುಗಿ, ಬೇಲಿಯಲ್ಲಿ ಸಿಕ್ಕಿ ನಿಂತಿವೆ, ಹನಿ ಎಂಡ್ ಕೂಡ ಹಿಂದೆ ಸಿಕ್ಕಿಹಾಕಿಕೊಂಡಿದೆ ಎಂದೆ. ಆಮೇಲೆ ರೇಡಿಯೋದವನು ಒಂದು ಹೆಸರು ಹೇಳಿದ, ಅದನ್ನೇ ಮತ್ತೆ ಹೇಳಿದ. ಬಹಳ ಹಿಂದೆ ಬರುತ್ತಿದ್ದ ಕಾರಣ ಒಂದು ಕುದುರೆಗೆ ಆ ಗೊಂದಲ ದೂರದಿಂದಲೇ ಕಂಡಿತ್ತು. ಅದರ ಸವಾರ ಒಂದು ಸಂದಿ ನೋಡಿ ಅದನ್ನು ಹಾರಿಸಿದ್ದ. ಈಗ ಅದೊಂದೇ ಓಡುತ್ತಿತ್ತು. ಇಡೀ ಮೈದಾನದಲ್ಲಿ ಅದೊಂದೇ.

"ಫಾಯ್ನವಾನ್," ಎಂದೆ.

ಭಟ್ಟರ ಪತ್ನಿ ತಲೆಯೆತ್ತಿದರು. "ನಮ್ದಾ? ಪಾಪ, ದಣಿದಿರತ್ತೆ. ಅಲ್ಲಿ ನೀರು ಕೊಡ್ತಾರಾ?"

ಫಾಯ್ನವಾನ್ ಗೆದ್ದಿತು. ಹನಿ ಎಂಡ್ ಹೇಗೋ ಬಿಡಿಸಿಕೊಂಡು, ಅಟ್ಟಿಸಿಕೊಂಡು ಬಂದು ಎರಡನೆಯದಾಯಿತು. ಆ ಕುದುರೆಯನ್ನೂ ನಾನು ಮೆಚ್ಚಿದೆ, ಹಾಗೆಂದು ಹೇಳಿದೆ ಕೂಡ. ಆದರೆ ಕಾರ್ಯದರ್ಶಿಯವರ ಮುಖ ಕೆಂಪಾಗಿತ್ತು. ಬಿದ್ದವರನ್ನು ಎತ್ತದೆ ಓಡಿಹೋದದ್ದಕ್ಕೆ ಬಹುಮಾನವೇ ಎಂದು ಕೇಳಿದರು. ಇದರ ಮೇಲೆ ಅಪೀಲು ಹಾಕಲು ಬರುವುದಿಲ್ಲವೇ ಎಂದರು. ಬರುವುದಿಲ್ಲ ಎಂದೆ. ಹಾಗಾದರೆ ಅದು ಎಂಥ ದೇಶ ಎಂದು ಹೊಲಿಗೆ ಮಡಿಚಿಟ್ಟರು.

ಗೋತ್ರ

ಮನೆಗೆ ಬಂದ ಮುತ್ತೈದೆಯರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಕುಂಕುಮ ಕೊಟ್ಟು, ವೀಳ್ಯದೆಲೆ ಅಡಿಕೆಯ ಜೊತೆ ಎಲ್ಲರಿಗೂ ಒಂದೊಂದು ತೆಂಗಿನಕಾಯಿ ಕೊಟ್ಟೆ. ಮಂಡಗದ್ದೆ ಕಡೆಯ ರೈತರೊಬ್ಬರು ಎಮ್ಮೆ ಬದುಕಿದ ಸಂತೋಷಕ್ಕೆ ತಂದಿದ್ದ ಕಾಯಿಗಳು. ಅವುಗಳಲ್ಲಿ ಒಂದು ಉಳಿದವಕ್ಕಿಂತ ಸಾಕಷ್ಟು ದಪ್ಪಗಿತ್ತು. ನಮ್ಮ ಮನೆಯಲ್ಲಿ ಹಿರಿಯರಿಗೆ ಮೊದಲು, ಹಿರಿಯರಿಗೆ ದೊಡ್ಡದು. ಭಟ್ಟರ ಪತ್ನಿ ಎಲ್ಲರಿಗಿಂತ ಹಿರಿಯರು. ಆ ಕಾಯಿ ಅವರಿಗೆ ಹೋಯಿತು. ಹನಿ ಎಂಡ್ ಗೆದ್ದಿದ್ದರೂ ಅವರಿಗೇ ಹೋಗುತ್ತಿತ್ತು.

ಆದರೆ ಆ ಮುಗ್ಧೆ ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ, ನಮ್ಮ ಕುದುರೆ ಗೆದ್ದಿತು, ಕಾಯಿ ಸಿಕ್ಕಿತು ಎಂದು ಹೇಳುತ್ತ ಹೋದರು. ಮಾರನೆಯ ದಿನ ಬೆಳಿಗ್ಗೆ ಆ ಕಾಯಿಯನ್ನು ತಾವಿಟ್ಟುಕೊಳ್ಳುವುದು ಸರಿಯಲ್ಲ, ಗೆದ್ದವನದು ಎಂದು ದೇವಸ್ಥಾನಕ್ಕೆ ತಂದು, ಫಾಯ್ನವಾನ್ ಹೆಸರಿನಲ್ಲಿ ಅರ್ಚನೆ ಮಾಡಿ ಎಂದು ಭಟ್ಟರ ಮುಂದಿಟ್ಟರು. ಭಾನುವಾರ, ದೇವಸ್ಥಾನದಲ್ಲಿ ಜನ ತುಂಬಿತ್ತು. ನಾನೂ ಇದ್ದೆ, ಕಾರ್ಯದರ್ಶಿಯವರೂ ಇದ್ದರು.

ಭಟ್ಟರು ಕಿವಿ ಸ್ವಲ್ಪ ಮಂದವಾದರೂ ಶಾಸ್ತ್ರದಲ್ಲಿ ಬಿಗಿ. ಅರ್ಚನೆಯೆಂದ ಮೇಲೆ ಹೆಸರು, ನಕ್ಷತ್ರ, ಗೋತ್ರ ಮೂರೂ ಬೇಕು. ಹೆಸರನ್ನು ಪತ್ನಿಯಿಂದ ಎರಡು ಸಲ ಹೇಳಿಸಿಕೊಂಡರು. ನಕ್ಷತ್ರ ಕೇಳಿದರು. ಗೊತ್ತಿಲ್ಲ ಎಂದರು. ಗೋತ್ರ ಕೇಳಿದರು. ಅವರು ಗಂಡನ ಹತ್ತಿರ ಬಗ್ಗಿ, ಅದು ಕುದುರೆ ಎಂದು ವಿವರಿಸಿದರು.

ಭಟ್ಟರು ಕಾಯಿಯನ್ನು ಎತ್ತಿ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು. "ಗೋತ್ರ ತಿಳಿಯದವರಿಗೆಲ್ಲ ಕಾಶ್ಯಪ ಗೋತ್ರ. ಕುದುರ್ಯಾದ್ರೇನು, ಗೆದ್ದಿದ್ಯಲ್ಲ." ಮತ್ತು ಗಂಟೆ ಹಿಡಿದು, ಕಾಶ್ಯಪ ಗೋತ್ರೋದ್ಭವನಾದ ಫಾಯ್ನವಾನನಿಗೆ ಆಯುರಾರೋಗ್ಯ ಐಶ್ವರ್ಯ, ಕುಟುಂಬ ಸಮೇತ ಕ್ಷೇಮಾಭಿವೃದ್ಧಿ ಬೇಡಿ ಸ್ಫುಟವಾಗಿ ಸಂಕಲ್ಪ ಮಾಡಿ, ಆ ದಪ್ಪ ಕಾಯಿಯನ್ನು ಒಂದೇ ಏಟಿಗೆ ಎರಡು ಹೋಳು ಮಾಡಿದರು. ಇಂಗ್ಲೆಂಡಿನಲ್ಲಿ ಆ ಕುದುರೆಗೆ ಏನೇನು ಮರ್ಯಾದೆಯಾಯಿತೋ ನನಗೆ ತಿಳಿಯದು. ಇದಕ್ಕಿಂತ ಹೆಚ್ಚಿನದು ಆಗಿರಲಾರದು.

ಜನ ಪ್ರಸಾದ ತೆಗೆದುಕೊಂಡರು. ಕಾರ್ಯದರ್ಶಿಯವರು ತೆಗೆದುಕೊಳ್ಳದೆ ಹೊರಗೆ ಹೋದರು. ಇಷ್ಟಕ್ಕೆ ಯಾಕೆ ಎಂದು ನನಗೆ ತಿಳಿಯಲಿಲ್ಲ. ಹಿಂದೆ ನಿಂತಿದ್ದ ಒಬ್ಬರು ಮೆಲ್ಲಗೆ ಹೇಳಿದರು: ವಕೀಲರ ಮನೆಯವರೂ ಕಾಶ್ಯಪ ಗೋತ್ರದವರೇ.

ಆ ವಾರವೇ ಸಮಾಜದ ಸಭೆ. ಅಲ್ಲಿ ನಡೆದದ್ದನ್ನು ಮೊದಲೇ ಹೇಳಿದ್ದೇನೆ. ನಾನು ಎದ್ದು, ಪಣ ಇಟ್ಟವರು ಯಾರು, ಏನಿಟ್ಟರು ಎಂದು ಕೇಳಿದೆ. ಕಾಯಿ ಎಲ್ಲರಿಗೂ ಸಿಕ್ಕಿತ್ತೇ ಇಲ್ಲವೇ ಎಂದು ಕೇಳಿದೆ. ಸಿಕ್ಕಿತ್ತು ಎಂದು ಎಲ್ಲರೂ ಒಪ್ಪಿದರು. ಕಾರ್ಯದರ್ಶಿಯವರ ಮನೆಯಲ್ಲಿ ಅವರ ಪಾಲಿನ ಕಾಯಿಯ ಚಟ್ನಿಯನ್ನು ತಿಂದದ್ದೂ ಆಗಿತ್ತು. ಕೊನೆಗೆ ಅವರು, ಆ ಕುದುರೆಯನ್ನು ತಮ್ಮ ಗೋತ್ರದಿಂದ ತೆಗೆಸಿದರೆ ತಾವು ಜೂಜು ಎಂದದ್ದನ್ನು ಹಿಂದೆ ತೆಗೆದುಕೊಳ್ಳುವುದಾಗಿ ಹೇಳಿದರು. ಜನ ಕಳಿಸಿ ಭಟ್ಟರನ್ನು ಕೇಳಿದ್ದಾಯಿತು. ಒಮ್ಮೆ ಸಂಕಲ್ಪವಾದ ಮೇಲೆ ತೆಗೆಯಲು ಬರುವುದಿಲ್ಲ, ಬೇಕಾದರೆ ವಕೀಲರು ತಮ್ಮ ಗೋತ್ರ ಬದಲಾಯಿಸಿಕೊಳ್ಳಲಿ ಎಂದು ಅವರು ಹೇಳಿ ಕಳಿಸಿದರು. ಸಭೆಯಲ್ಲಿ ನಕ್ಕವರು ಬಹಳ. ನಾನು ನಗಲಿಲ್ಲ.

ಕುದುರೆಯ ಗೋತ್ರದ ವಿಷಯವನ್ನು ಅವರು ಭಟ್ಟರ ಹತ್ತಿರ ಇತ್ಯರ್ಥ ಮಾಡಿಕೊಳ್ಳಲಿ. ಅದರಲ್ಲಿ ನನ್ನದೇನೂ ಇಲ್ಲ. ನನ್ನ ಮನೆಯ ಬಗ್ಗೆ ಆಡಿದ ಮಾತು ಬೇರೆ. ಆ ಮಾತಿಗಾಗಿ ಕಾರ್ಯದರ್ಶಿಯವರು ಮುಂದಿನ ಸಭೆಯಲ್ಲಿ ಎದ್ದು ನಿಂತು, ಎಲ್ಲರೆದುರು ನನ್ನ ಕ್ಷಮೆ ಕೇಳಬೇಕು.